ಎರಡೂ ಕೈಯಿಂದ ಕೊಟ್ಟ ಚಾವಿ

ಹಳೇ ಹುಬ್ಬಳ್ಳಿಯ ಬಡೇಸಾಬರು ಚಾವಿ ಕೊಡುವ ದೃಶ್ಯವನ್ನು ಕಣ್ಣಾರೆ ಕಂಡವರು ಪುಣ್ಯವಂತರು. ಆಯುಷ್ಯ ತೀರಿದ ಕಾರುಗಳನ್ನು ಬಿಡಿಭಾಗಗಳಿಗಾಗಿ ಕೊಳ್ಳುವುದು ಅವರ ಗ್ಯಾರೇಜಿನ ಹಳೆಯ ರೂಢಿ. ಕೊಂಡ ಕಾರಿನ ಎಂಜಿನ್ ಇಟ್ಟುಕೊಳ್ಳುತ್ತಾರೆ, ಗೇರ್‌ಬಾಕ್ಸ್ ಇಟ್ಟುಕೊಳ್ಳುತ್ತಾರೆ, ಹಾರ್ನ್ ಕೂಗುವಂತಿದ್ದರೆ ಅದನ್ನೂ ಬಿಡುವುದಿಲ್ಲ. ಆದರೆ ಚಾವಿಯನ್ನು ಮಾತ್ರ ಮಾಲೀಕನಿಗೆ ಮರಳಿಸುತ್ತಾರೆ. ಹೇಗೆ ಮರಳಿಸುತ್ತಾರೆ ಎಂಬುದರಲ್ಲಿಯೇ ಎಲ್ಲ ಇರುವುದು. ಎರಡೂ ಕೈಗಳನ್ನು ಬೊಗಸೆ ಮಾಡಿ, ನಡುವೆ ಚಾವಿ ಇಟ್ಟು, ತುಸು ಬಾಗಿ, ಮೆಲ್ಲಗೆ ಮುಂದೆ ಚಾಚಿ, "ಇದ ನಿಮಗ ಇರ್ಲಿ" ಎನ್ನುತ್ತಾರೆ. ಅಷ್ಟೇ. ಮುಂದೊಂದು ಮಾತಿಲ್ಲ.

ಮಾಲೀಕನ ಕಣ್ಣು ಒದ್ದೆಯಾಗಲು ಇನ್ನೇನು ಬೇಕು? ಮಾಳಮಡ್ಡಿಯ ವಕೀಲರೊಬ್ಬರು ತಮ್ಮ ಫಿಯೆಟ್ಟಿನ ಚಾವಿಯನ್ನು ಬೆಳ್ಳಿಯ ಅಡಿಕೆ ಡಬ್ಬಿಯಲ್ಲಿಟ್ಟು ಅಡಿಕೆಯನ್ನೇ ಬಿಟ್ಟರು. ದುರ್ಗದ ಬೈಲಿನ ಅರಿವೆ ವ್ಯಾಪಾರಿಯೊಬ್ಬರಿಗೆ ಆ ಚಾವಿಯನ್ನು ತಲೆದಿಂಬಿನ ಕೆಳಗಿಟ್ಟ ಮೇಲೆ ನಿದ್ದೆ ಬರತೊಡಗಿತಂತೆ. ಬಡೇಸಾಬರಿಗೆ ಕನಸಿನಲ್ಲಿ ಯಾವುದೋ ಪೀರರ ಅಪ್ಪಣೆಯಾಗಿದೆ ಎಂದು ಕೆಲವರು. ಅವರ ಉಸ್ತಾದರು ಪ್ರಾಣ ಬಿಡುವ ಮುನ್ನ ಕಿವಿಯಲ್ಲಿ ಹೇಳಿಹೋದ ಗುಟ್ಟು ಎಂದು ಕೆಲವರು. ಕಾಲೇಜಿನಲ್ಲಿ ಪಾಠ ಹೇಳುವ ಗಿರಾಕಿಯೊಬ್ಬರು, "ಎಂಜಿನ್ ಅಂದ್ರ ದೇಹ, ಚಾವಿ ಅಂದ್ರ ಆತ್ಮ. ಬಡೇಸಾಬ ದೇಹ ಇಟಗೊಂಡು ಆತ್ಮ ತಿರುಗಿ ಕೊಡತಾನ" ಎಂದು ಚಹಾದಂಗಡಿಯಲ್ಲಿ ಅರ್ಥ ಬಿಡಿಸಿದಾಗ ಕೇಳುತ್ತಿದ್ದವರ ಚಹಾ ತಣ್ಣಗಾಗಿತ್ತು. ಬಡೇಸಾಬರು ಪಕ್ಕದಲ್ಲಿಯೇ ನಿಂತು ಬನ್ ತಿನ್ನುತ್ತಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬಾಯಲ್ಲಿ ಬನ್ ಇತ್ತು. ಮಹಾತ್ಮರ ಮೌನ ಎಂದು ಜನ ಅದನ್ನೂ ಲೆಕ್ಕಕ್ಕೆ ಹಿಡಿದರು.

ಇಂಥ ಮಹಾತ್ಮರಿಗೆ ಲೋಕದಲ್ಲಿ ಒಂದೇ ಸೋಲು. ಅವರ ಸ್ವಂತ ಕಾರು ಗುಡ್ಡ ಏರುತ್ತಿರಲಿಲ್ಲ.

ಅದೊಂದು ಹಳೆಯ ಮಾರುತಿ. ಬಣ್ಣ ಮೊದಲು ಕೆಂಪು ಇದ್ದಿರಬಹುದು. ಊರಿನ ಕಾರುಗಳನ್ನೆಲ್ಲ ಓಡಿಸುವ ಭರದಲ್ಲಿ ಬಡೇಸಾಬರು ಅದರತ್ತ ನೋಡಿದ್ದು ಕಡಿಮೆ. ನೆಲ ಸಮವಾಗಿರುವಲ್ಲಿ ಅದು ಸಭ್ಯವಾಗಿ ಓಡುತ್ತಿತ್ತು. ಏರು ಕಂಡರೆ ಮಾತ್ರ ದಮ್ಮಿನ ರೋಗಿಯಂತೆ ಎದೆ ಹಿಡಿದುಕೊಳ್ಳುತ್ತಿತ್ತು. ಹೋದ ವರ್ಷ ರಂಜಾನ್ ಈದಿನ ಮರುದಿನ ಗಂಡ ಹೆಂಡತಿ ಇಬ್ಬರೂ ನೃಪತುಂಗ ಬೆಟ್ಟಕ್ಕೆ ಹೊರಟಾಗ ಈ ಗುಣ ಜಗಜ್ಜಾಹೀರಾಯಿತು. ಈದಿನ ಮರುದಿನ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುವುದು ಅವರ ಬಳಗದ ಪದ್ಧತಿ. ಅರ್ಧ ಏರಿನ ತಿರುವಿನಲ್ಲಿ ಕಾರು ನಿಂತಿತು. ಬಡೇಸಾಬರು ಸ್ಟೇರಿಂಗ್ ಬಿಡುವಂತಿರಲಿಲ್ಲ. ಹೆಂಡತಿ ಲಾಲಬಿಯವರು, ಒಳ್ಳೆಯ ಮೈಕಟ್ಟಿನ ಹೆಂಗಸು, ಹೊಸ ಜರಿ ಸೀರೆಯಲ್ಲಿ ಇಳಿದು ಕಾರು ದೂಡಬೇಕಾಯಿತು. ಆಗಲೇ ಹಿಂದಿನಿಂದ ಬಂದದ್ದು ಯಾರು? ಮಗಳ ಅತ್ತೆ ಮನೆಯವರು. ಬೀಗರು. ತಮ್ಮ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಭಾಭಿ, ನೀವ ಮುಂದ ಎತ್ತಿನ ಜಾಗಾಕ್ಕ ಕಟ್ಟಿಸಿಕೊಂಡ್ರ ಲಗೂ ಏರತಿತ್ತ ನೋಡ್ರಿ" ಎಂದು ನಕ್ಕು ಮೇಲೆ ಹೋದರು.

ಲಾಲಬಿಯವರು ಮನೆಯಲ್ಲಿ ಉರ್ದು ಮಾತಾಡುತ್ತಾರೆ. ಸಿಟ್ಟು ಬಂದರೆ ಮಾತ್ರ ತವರಾದ ಉಪ್ಪಿನಬೆಟಗೇರಿಯ ಕನ್ನಡಕ್ಕೆ ಇಳಿಯುತ್ತಾರೆ. ಆ ಸಂಜೆ ಇಳಿದವರು ವರ್ಷವಿಡೀ ಮೇಲೇರಲಿಲ್ಲ.

"ಕೇಳ್ರಿ ಇಲ್ಲೆ. ಈ ನಿಮ್ಮ ತಗಡಿನ ಡಬ್ಬಿ ನನ್ನ ಕುಂಡ್ರಿಸಿಕೊಂಡು, ಯಾರನ್ನೂ ಕೆಳಗ ಇಳಸದಂಗ ಆ ಗುಡ್ಡ ಏರಿದ ಮ್ಯಾಲೇನ ನಾ ಇದರಾಗ ಊರಿಗೆ ಬರಾಕಿ. ಅಲ್ಲೀತನಕ ನಿಮ್ಮ ಹಾದಿ ನಿಮಗ, ನನ್ನ ಹಾದಿ ನನಗ."

ಅಂದಿನಿಂದ ಧಾರವಾಡದ ಮಗಳ ಮನೆಗೆ ಹೋಗುವಾಗಲೆಲ್ಲ ಲಾಲಬಿಯವರು ಅವಳಿ ಊರುಗಳ ನಡುವೆ ಓಡುವ ಎಸಿ ಬಸ್ಸು ಚಿಗರಿಯನ್ನು ಹತ್ತತೊಡಗಿದರು. ಬಡೇಸಾಬರು ಅದೇ ಹೊತ್ತಿಗೆ ಮಾರುತಿಯಲ್ಲಿ ಒಬ್ಬರೇ ಹೊರಡುತ್ತಿದ್ದರು. ಚಿಗರಿ ತನಗೆಂದೇ ಬಿಟ್ಟ ಹಾದಿಯಲ್ಲಿ ತಣ್ಣಗೆ ಸಾಗಿಹೋಗುವುದು. ಕಿಟಕಿಯಲ್ಲಿ ಕೂತ ಹೆಂಡತಿ ತಮ್ಮನ್ನು ದಾಟಿ ಹೋಗುವುದನ್ನು ಬಡೇಸಾಬರು ಉಣಕಲ್ಲಿನ ಲಾರಿಗಳ ನಡುವೆ ಸಿಕ್ಕು ನೋಡುವುದು. ಜುಬಿಲಿ ಸರ್ಕಲ್ಲಿನಲ್ಲಿ ಅವರು ಬೆವರೊರೆಸಿಕೊಳ್ಳುತ್ತ ಬಂದು ತಲುಪಿದಾಗ ಲಾಲಬಿಯವರು ಚೀಲ ಹಿಡಿದು ನಿಂತು, "ಬಂದ್ರಿ? ನಾ ಒಂದ ಚಹಾನೂ ಕುಡದೆ" ಎನ್ನುವುದು. ಊರಿಗೆಲ್ಲ ಆತ್ಮ ಹಂಚುವ ಗಂಡಸು ಚೀಲ ಇಸಿದುಕೊಂಡು ಹಿಂದೆ ನಡೆಯುವುದು.

ಈ ಅವಮಾನದಿಂದ ಹುಟ್ಟಿತು ಆ ಮಹಾಕಾರ್ಯ. ಮುಂದಿನ ಈದಿನ ಮರುದಿನದೊಳಗೆ ಹಳೆಯ ಮಾರುತಿಗೆ ಹೊಸ ತಲೆ ಕೂಡಿಸುವುದೆಂದು ಬಡೇಸಾಬರು ನಿಶ್ಚಯಿಸಿದರು. ತಲೆ ಎಂದರೆ ಅಲಂಕಾರದ ಮಾತಲ್ಲ. ಎಂಜಿನ್ನಿನ ಮೇಲ್ಭಾಗವನ್ನು ಗ್ಯಾರೇಜಿನಲ್ಲಿ 'ಹೆಡ್' ಎಂದೇ ಕರೆಯುತ್ತಾರೆ. ಗಾಳಿ, ಪೆಟ್ರೋಲು ಒಳಗೆ ಬಂದು ಹೊಗೆ ಹೊರಗೆ ಹೋಗುವ ಬಾಗಿಲುಗಳೆಲ್ಲ ಇರುವುದು ಅಲ್ಲಿ. ಹಳೆಯ ಹೆಡ್ಡಿನಲ್ಲಿ ಬಾಗಿಲು ಕಡಿಮೆ, ಉಸಿರೂ ಕಡಿಮೆ. ಅದೇ ಮನೆತನದ ಹೊಸ ಕಾರುಗಳ ಹೆಡ್ಡಿನಲ್ಲಿ ಬಾಗಿಲು ಇಮ್ಮಡಿ. ಗಾಳಿ ಎಳೆದುಕೊಳ್ಳುವ ಕೊಳವೆಗಳೂ ಅಗಲ. ಕಾರ್ಬುರೇಟರ್ ಎಂಬ ಹಳೆಯ ಕಾರಕೂನನ ಬದಲು ಪೆಟ್ರೋಲನ್ನು ಹನಿಹನಿಯಾಗಿ ಚಿಮ್ಮಿಸುವ ಇಂಜೆಕ್ಟರುಗಳು. ಅದೃಷ್ಟವೆಂಬಂತೆ ಹಳೆಯ ಬುಡಕ್ಕೂ ಹೊಸ ಹೆಡ್ಡಿಗೂ ಬೋಲ್ಟಿನ ತೂತುಗಳು ಕೂಡುತ್ತಿದ್ದವು.

ಅಂಥದೊಂದು ಹೆಡ್ಡು ಅವರ ಗ್ಯಾರೇಜಿನ ಮೂಲೆಯಲ್ಲಿ ಗೋಣಿತಾಟು ಹೊದ್ದು ಮಲಗಿತ್ತು. ಮುಗದ ಊರಿನ ಅಂಗನವಾಡಿಯ ಶಿಕ್ಷಕಿ ದ್ರಾಕ್ಷಾಯಿಣಿ ಅಕ್ಕೋರ ಕಾರಿನದು. ಅವರ ಕಾರು ಹುಣಸೆ ಗಿಡದ ನೆರಳಲ್ಲಿ ನಿಂತಿದ್ದಾಗ ಬಿರುಗಾಳಿಗೆ ಗಿಡ ಮೈಮೇಲೆ ಬಿದ್ದು ಮೇಲ್ಚಾವಣಿ ಸೀಟಿಗೆ ಅಂಟಿಕೊಂಡಿತ್ತು. ಎಂಜಿನ್ನಿಗೆ ಕೂದಲಿನಷ್ಟೂ ಪೆಟ್ಟಾಗಿರಲಿಲ್ಲ. ಬಡೇಸಾಬರು ಕೊಂಡರು, ಎಂಜಿನ್ ಇಳಿಸಿಕೊಂಡರು, ಉಳಿದದ್ದನ್ನು ಗುಜರಿಗೆ ಕಳಿಸಿದರು. ಚಾವಿಯನ್ನು ಏನು ಮಾಡಿದರೆಂದು ಬೇರೆ ಹೇಳಬೇಕಿಲ್ಲ.

ಚಳಿಗಾಲವಿಡೀ ಕೆಲಸ ನಡೆಯಿತು. ಗಿರಾಕಿಗಳು ಬಂದು ತಮ್ಮ ಕಾರು ಮರೆತು ಇದನ್ನೇ ನೋಡುತ್ತ ನಿಂತರು. ಹಳೆಯ ಹೆಡ್ಡು ಬಿಚ್ಚಿ ಬದಿಗಿಟ್ಟಾಗ ಟೋಪಿ ತೆಗೆದವರೂ ಇದ್ದಾರೆ. ಬುಡಕ್ಕೂ ಹೆಡ್ಡಿಗೂ ನಡುವೆ ಹಾಸಲು ನೀರಿನ ಹಾದಿಗೆ ಹೊಂದುವ ಗ್ಯಾಸ್ಕೆಟ್ಟು ಹುಡುಕಿದ್ದು, ಹೆಡ್ಡು ತಿರುಗಿಸುತ್ತಿದ್ದ ಹಳೆಯ ಪೆಟ್ರೋಲು ಪಂಪಿಗೆ ಹೊಸ ಹೆಡ್ಡಿನಲ್ಲಿ ಜಾಗವೇ ಇಲ್ಲದೆ ಟಾಕಿಯೊಳಗೆ ಕರೆಂಟಿನ ಪಂಪು ಇಳಿಸಿದ್ದು, ಅಗಲವಾದ ಗಾಳಿ ಕೊಳವೆಗಳು ಬಾನೆಟ್ಟಿಗೆ ಬಡಿಯುತ್ತವೆಂದು ಬಾನೆಟ್ಟಿನ ಒಳಗಿನ ಪಟ್ಟಿಯನ್ನೇ ಕೊಯ್ದದ್ದು, ಎಲ್ಲ ಪರ್ವ ಪರ್ವವಾಗಿ ಸಾಗಿ ಕಡೆಗೊಂದು ದಿನ ಮಾರುತಿ ಸಿದ್ಧವಾಯಿತು. ಹೊಸ ಹೆಡ್ಡನ್ನು ಆಳುವ ಕಂಪ್ಯೂಟರ್ ಡಬ್ಬಿಯನ್ನೂ ಅಕ್ಕೋರ ಕಾರಿನಿಂದಲೇ ತೆಗೆದು ಕೂಡಿಸಿದ್ದರು.

ಬಡೇಸಾಬರು 'ಬಿಸ್ಮಿಲ್ಲಾ' ಎಂದು ಮಾರುತಿಯ ಹಳೆಯ ಚಾವಿ ತಿರುವಿದರು. ಎಂಜಿನ್ ಗರಗರ ತಿರುಗಿತು. ಹೊತ್ತಲಿಲ್ಲ. ಮತ್ತೆ ತಿರುವಿದರು. ಗರಗರ. ಬ್ಯಾಟರಿ ಇಳಿಯುವತನಕ ತಿರುವಿದರು. ಆ ಡಬ್ಬಿಯ ಜೊತೆಗೇ ಬಂದು ಡ್ಯಾಶಿನಲ್ಲಿ ಕುಳಿತಿದ್ದ, ಚಾವಿಯ ಚಿತ್ರದ ಸಣ್ಣ ದೀಪವೊಂದು ಮಿಣಮಿಣ ಮಿನುಗುತ್ತಿತ್ತು. ಬಡೇಸಾಬರು ಅದನ್ನು ಶೋಕಿಯ ದೀಪವೆಂದುಕೊಂಡಿದ್ದರು.

ಬಡೇಸಾಬರ ಅಕ್ಕನ ಮಗ ತನ್ವೀರ ಕೇಶ್ವಾಪುರದಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಹೊಸ ಕಾರುಗಳ ನಾಡಿ ನೋಡುವವನು. ಬಂದ, ವಾಯರು ಚುಚ್ಚಿದ, ಪರದೆ ನೋಡಿದ, ಮಾವನ ಮುಖ ನೋಡಿದ.

"ಮಾಮು, ಎಂಜಿನ್ ಝಕಾಸ್ ಐತಿ. ಕಂಪ್ಯೂಟರ್ ಡಬ್ಬಿ ಬಿಡವಲ್ದು."

"ಯಾಕ ಬಿಡವಲ್ದು?"

"ಕಳ್ಳರು ಒಯ್ಯಬಾರ್ದಂತ ಹಿಂಗ ಮಾಡಿರತಾರ. ಚಾವಿ ಹಿಡಕಿಯಾಗ ಅಕ್ಕಿಕಾಳಿನಷ್ಟು ಚಿಪ್ಪ್ ಇರತೈತಿ. ಆ ಚಿಪ್ಪ್ ಹತ್ರ ಬಂದ್ರನ ಡಬ್ಬಿ ಗುರುತ ಹಿಡದು ಪೆಟ್ರೋಲ್ ಬಿಡತೈತಿ. ನೀವು ಇದಕ್ಕ ಕಳ್ಳರ ಕಂಡಂಗ ಕಾಣಾಕತ್ತೀರಿ."

"ನಾ ಕಳ್ಳ?"

"ಡಬ್ಬಿ ಅಂತೈತಿ ಮಾಮು, ನಾ ಅಲ್ಲ. ಆ ಗಾಡಿ ಚಾವಿ ತರ್ರಿ, ಮುಗೀತು."

ಬಡೇಸಾಬರು ಸ್ಪಾನರ್ ಕೆಳಗಿಟ್ಟರು. ಬೇರೆ ಚಾವಿಗೆ ಹೊಸದಾಗಿ ಪಾಠ ಕಲಿಸಬಹುದಲ್ಲ ಎಂದು ಕೇಳಿದರು. ಅದಕ್ಕೆ ಕಂಪನಿಯವರು ಗಾಡಿಯ ಕಾಗದ ಕೇಳುತ್ತಾರೆ ಎಂದ ತನ್ವೀರ. ಗುಜರಿಗೆ ಹೋದ ಗಾಡಿಯ ಕಾಗದ ಆಗಲೇ ರದ್ದಾಗಿತ್ತು.

"ಚಾವಿ ಎಲ್ಲಿ ಇಟ್ಟೀರಿ ಮಾಮು?"

ಬಡೇಸಾಬರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ತನ್ವೀರನಿಗೆ ಅರ್ಥವಾಯಿತು. "ಯಾ ಅಲ್ಲಾ" ಎಂದು ಟೈರಿನ ಮೇಲೆ ಕುಳಿತು ನಗತೊಡಗಿದ. ಆತ್ಮವನ್ನು ಹಿಂದಿರುಗಿಸಿದ ಪುಣ್ಯ ಹೀಗೆ ಅಡ್ಡ ಬಂದೀತೆಂದು ಚಹಾದಂಗಡಿಯ ವೇದಾಂತಿಯೂ ಊಹಿಸಿರಲಿಲ್ಲ.

ರಂಜಾನ್ ಉಪವಾಸ ಶುರುವಾಗಲು ವಾರವಿರುವಾಗ ಬಡೇಸಾಬರು ಮುಗದಕ್ಕೆ ಹೊರಟರು. ಅವರ ಕಾರು ಏಳುತ್ತಿರಲಿಲ್ಲ. ಆದ್ದರಿಂದ ಧಾರವಾಡದವರೆಗೆ ಚಿಗರಿಯಲ್ಲಿ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯಬೇಕು. ಲಾಲಬಿಯವರು ಬಾಗಿಲಲ್ಲಿ ನಿಂತು, "ಏನ್ರೀ, ನೀವೂ ಚಿಗರಿಗೆ ಬಂದ್ರಿ? ಕಿಟಕಿ ಕಡೆ ಕುಂಡ್ರಿ, ಗಾಳಿ ಛಲೋ ಬರತೈತಿ" ಎಂದರು. ಆ ಬಸ್ಸಿನ ಕಿಟಕಿ ತೆರೆಯುವುದೇ ಇಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ದ್ರಾಕ್ಷಾಯಿಣಿ ಅಕ್ಕೋರು ಬಂದವರಿಗೆ ನೀರು ಕೊಟ್ಟರು, ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು. ಬಡೇಸಾಬರು ಎಲ್ಲವನ್ನೂ ತೆಗೆದುಕೊಂಡರು, ಕೇಳಬೇಕಾದದ್ದನ್ನು ಮಾತ್ರ ಕೇಳಲಿಲ್ಲ. ಏಕೆಂದರೆ ಅವರು ಕುಳಿತಲ್ಲಿಂದ ದೇವರ ಜಗಲಿ ಕಾಣುತ್ತಿತ್ತು. ಬಸವಣ್ಣನ ಫೋಟೋದ ಕೆಳಗೆ, ವಿಭೂತಿ ಉಂಡೆಯ ಪಕ್ಕದಲ್ಲಿ, ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ದಾಸವಾಳ ಹೊತ್ತು ಆ ಚಾವಿ ಕುಳಿತಿತ್ತು.

"ನೋಡಾಕತ್ತೀರಿ ಹೌದಲ್ರಿ?" ಎಂದರು ಅಕ್ಕೋರು. "ದಸರಾ ಖಂಡಿ ಪೂಜಿಗೆ ಇಟ್ಟೆ. ಮತ್ತ ತಗೀಲಿಲ್ಲ. ಬಡೇಸಾಬರ, ಈ ಊರಾಗ ಕಾರ್ ನಡಸಿದ ಮೊದಲ ಹೆಣಮಗಳು ನಾ. ಬ್ಯಾನಿ ತಿಂತಿದ್ದ ಬಸರ ಹೆಣಮಕ್ಕಳನ್ನ ಹಿಂದ ಕುಂಡ್ರಿಸಿಕೊಂಡು ಸತ್ತೂರ ದವಾಖಾನಿಗೆ ಹೋಗತಿದ್ದೆ. ಒಮ್ಮೆ ಒಂದ ಕೂಸು ನನಗ ಕಾಯಲಾರದ ಹಾದ್ಯಾಗ ಬಂದಬಿಡ್ತು. ಆ ಹುಡುಗಿ ಈಗ ನನ್ನ ಅಂಗನವಾಡ್ಯಾಗ ಬಂದು ಉಪ್ಪಿಟ್ಟ ಉಣತೈತಿ. ಇನ್ನೊಂದ ಚಾವಿ ಕೆರ್‍ಯಾಗ ಬಿತ್ತು. ಉಳದದ್ದು ಇದೊಂದ."

ಬಡೇಸಾಬರು ಅವಲಕ್ಕಿ ನುಂಗಿದರು.

"ಗಿಡ ಬಿದ್ದಾಗ ನಾ ಅಳಲಿಲ್ರಿ. ತಗಡ ಹೋತು, ಹೋಗ್ಲಿ ಅಂದೆ. ನೀವು ಬಂದು ಎರಡೂ ಕೈಯಿಂದ ಹಿಡದು, ಬಾಗಿ ಕೊಟ್ರಿ ನೋಡ್ರಿ, ಆಗ ಅತ್ತೆ. ಎಂಥಾ ಮನಿಶಾರಿ ನೀವು! ಅವತ್ತ ತಿಳೀತು, ಇದರಾಗ ಏನೋ ಐತಿ ಅಂತ."

ಬಡೇಸಾಬರು ಖಾಲಿ ತಟ್ಟೆಯಲ್ಲಿ ಅವಲಕ್ಕಿ ಹುಡುಕಿದರು. ಇದರಾಗ ಇರುವುದು ಅಕ್ಕಿಕಾಳಿನಷ್ಟು ಚಿಪ್ಪು ಎಂದು ಆ ಜಗಲಿಯ ಮುಂದೆ ಹೇಗೆ ಹೇಳುವುದು? ಎರಡನೆಯ ಚಹಾ ಬಂತು. ಬಸ್ಸಿನ ಹೊತ್ತಾಯಿತು. ಕಡೆಗೆ ಕಣ್ಣು ಮುಚ್ಚಿ, ಗುಡ್ಡದ ತಿರುವಿನಿಂದ ಹಿಡಿದು ಹೆಂಡತಿಯ ಶಪಥದವರೆಗೆ, ಡಬ್ಬಿ ತಮ್ಮನ್ನು ಕಳ್ಳನೆಂದದ್ದನ್ನೂ ಸೇರಿಸಿ, ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು.

ಅಕ್ಕೋರು ಎದ್ದು ಸೆರಗು ಸಿಕ್ಕಿಸಿಕೊಂಡರು.

"ನಿಮ್ಮ ಮನಿಯವರು ಗುಡ್ಡ ಏರಬೇಕು, ಖರೇ. ಆದ್ರ ಜಗಲಿ ಮ್ಯಾಲಿಂದ ಎತ್ತಿ ಚಾವಿ ಒಂದನ್ನ ಕಳಸೂದು ನನ್ನಿಂದ ಆಗಂಗಿಲ್ಲ. ಆ ದಿನ ಚಾವಿ ಬರತೈತಿ, ಅದರ ಜೋಡಿ ನಾನೂ ಬರತೇನಿ. ಮತ್ತ ಕೇಳ್ರಿ, ಸ್ಟೇರಿಂಗಿಗೆ ನಾ ಕುಂಡ್ರಾಕಿ."

"ಅಕ್ಕೋರ, ಗಾಡಿ ನಂದು..."

"ಅದರ ತಲಿ ನಂದು" ಎಂದರು ಅಕ್ಕೋರು.

ಹೀಗೆ ಈದಿನ ಮರುದಿನ ಬಂತು. ಎಂಜಿನ್ ಒಮ್ಮೆಯೂ ಹೊತ್ತಿರಲಿಲ್ಲ. ಅದು ಏಳುತ್ತದೋ, ಹೊಗೆ ಕಾರುತ್ತದೋ, ಗ್ಯಾಸ್ಕೆಟ್ಟು ಹಾರಿಸುತ್ತದೋ ಬಲ್ಲವರು ಯಾರೂ ಇಲ್ಲ. ಅಕ್ಕೋರು ಮುಂಜಾನೆಯ ಬಸ್ಸಿಗೆ ಬಂದು, ಲಾಲಬಿಯವರು ಕೊಟ್ಟ ಶಾವಿಗೆಯ ಸುರಕುಂಬಾ ಕುಡಿದು, ಕರವಸ್ತ್ರದ ಗಂಟು ಬಿಚ್ಚಿ ಚಾವಿ ತೆಗೆದರು. ಅದರ ಹಣೆಯ ಕುಂಕುಮ ಹಾಗೆಯೇ ಇತ್ತು. ಅಕ್ಕೋರ ಕಾರಿನ ಚಾವಿ ಹಳೆಯ ಮಾರುತಿಯ ಕಿಂಡಿಯಲ್ಲಿ ಹೋಗುವುದಿಲ್ಲ. ಅದಕ್ಕಾಗಿ ಹಳೆಯ ಚಾವಿಯನ್ನು ಬಲಗೈಯಿಂದ ತಿರುವುತ್ತ, ಹೊಸದನ್ನು ಎಡಗೈಯಲ್ಲಿ ಅದರ ಬದಿಗೆ, ಚಿಪ್ಪಿನ ಗುರುತು ಹಿಡಿಯಲೆಂದು ತನ್ವೀರ ಸುತ್ತಿದ್ದ ತಾಮ್ರದ ಬಳೆಯ ಹತ್ತಿರ ಹಿಡಿಯಬೇಕಿತ್ತು.

ಅಕ್ಕೋರು ಹಿಡಿದರು, ತಿರುವಿದರು. ಡ್ಯಾಶಿನ ದೀಪ ಆರಿತು. ಎಂಜಿನ್ ಒಂದೇ ಸುತ್ತಿಗೆ ಎದ್ದು ನಿಂತು, ಮುಗದದಲ್ಲಿದ್ದಾಗಿನ ದನಿಯಲ್ಲಿಯೇ ಗುಂಯ್ ಎಂದಿತು. ಅಕ್ಕೋರು ಸೆರಗಿನಿಂದ ಕಣ್ಣೊತ್ತಿಕೊಂಡರು. ಬಡೇಸಾಬರು ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಅಲ್ಲೆ ನಾ ಕುಂಡ್ರತೇನಿ," ಎಂದರು ಲಾಲಬಿಯವರು. "ನೀವು ಹಿಂದ ಹೋಗ್ರಿ. ಬುತ್ತಿ ಹಿಡಕೋರಿ, ಚೆಲ್ಲಬ್ಯಾಡ್ರಿ."

ತಾನೇ ಕಟ್ಟಿದ ರಥದಲ್ಲಿ ವೀರನು ಬಿರಿಯಾನಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತನು. ಬ್ರೇಕು ಅವನದಲ್ಲ, ಗೇರು ಅವನದಲ್ಲ. ಪೇಟೆ ದಾಟಿತು, ಬೆಟ್ಟದ ಬುಡ ಬಂತು, ಏರು ಶುರುವಾಯಿತು. ಬಡೇಸಾಬರು ಒಂದು ಕೈಯಿಂದ ಡಬ್ಬಿ ಹಿಡಿದು ಇನ್ನೊಂದನ್ನು ಬಾಗಿಲ ಹಿಡಿಕೆಗೆ ಹಾಕಿದರು. ನಿಂತರೆ ಇಳಿದು ದೂಡಬೇಕಾದವರು ಈ ಸಲ ಅವರೇ. ತುಟಿಗಳಲ್ಲಿ ದುವಾ ಓಡುತ್ತಿತ್ತು. ಹೋದ ವರ್ಷದ ಆ ತಿರುವು ಕಣ್ಣಿಗೆ ಬಿತ್ತು.

ಮುಂದೆ ಇಬ್ಬರೂ ಹೆಣ್ಣುಮಕ್ಕಳು ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳ ಹಿಂಡಿಯ ವಿಚಾರದಲ್ಲಿದ್ದರು.

"ನೀವು ಬಳ್ಳೊಳ್ಳಿ ಹಸೀದ ಹಾಕತೀರೇನ್ರಿ?"

"ಇಲ್ರಿ, ತುಸು ಹುರದು. ಹಸೀದ ಹಾಕಿದ್ರ ನಾಲ್ಕ ದಿನಕ್ಕ ವಾಸನಿ ಬರತೈತಿ."

"ಅದಕ್ಕ ನಮ್ಮದು ಹಂಗ ಆಗತಿತ್ತು ನೋಡ್ರಿ!"

ತಿರುವು ಬಂತು. ಅಕ್ಕೋರು ಗೇರು ಇಳಿಸಿದರು. ಹೊಸ ಹೆಡ್ಡು ಅಗಲವಾದ ಕೊಳವೆಗಳಿಂದ ಊರಿನ ಗಾಳಿಯನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡಂತೆ ಸದ್ದು ಮಾಡಿತು. ಮಾರುತಿ ತಿರುವನ್ನು ಸೀದಾ ದಾಟಿ ಹೋಯಿತು. ಬಡೇಸಾಬರು ಮುಂದಿನ ಸೀಟುಗಳ ನಡುವೆ ತಲೆ ತೂರಿಸಿ, "ದಾಟಿತು! ನೋಡಿದಿ? ದಾಟಿತು!" ಎಂದರು.

"ಸುಮ್ನಿರ್ರಿ, ಖಾರ ಎಷ್ಟ ಹಾಕೂದು ಅಂತ ಕೇಳಾಕತ್ತೇನಿ" ಎಂದರು ಲಾಲಬಿಯವರು.

ಒಂದು ಚಳಿಗಾಲದ ಬೆವರು, ಒಂದು ವರ್ಷದ ಅವಮಾನ, ಗುರೆಳ್ಳ ಹಿಂಡಿಯಲ್ಲಿ ಅರೆದುಹೋಯಿತು. ಮೇಲೆ ತಲುಪಿ ಎಂಜಿನ್ ಆರಿಸಿದ ಮೇಲೆಯೇ ಲಾಲಬಿಯವರು ಸುತ್ತ ನೋಡಿದರು. "ಹೌದಾ, ಬಂದಬಿಟ್ಟಿವಾ?" ಎಂದರು. ಆಮೇಲೆ ಬೀಗರು ಅಲ್ಲಿಯೇ ಚಾಪೆ ಹಾಸಿ ಕುಳಿತದ್ದು ಕಂಡಿತು. ಬೀಗರ ಬಾಯಿ ತೆರೆದದ್ದೂ ಕಂಡಿತು. ಆಗ ಮಾತ್ರ ಲಾಲಬಿಯವರು ಗಂಡನ ಕಡೆ ತಿರುಗಿ, ಎಲ್ಲರೂ ಕೇಳುವಂತೆ, "ಇನ್ನ ಮ್ಯಾಲೆ ಚಿಗರಿ ಬ್ಯಾಡ್ರಿ. ಧಾರವಾಡಕ್ಕ ಇದರಾಗನ ಹೋಗೂಣು" ಎಂದರು. ಬಡೇಸಾಬರ ಮೀಸೆ ತಾನಾಗಿಯೇ ಮೇಲೆದ್ದಿತು.

ಎದ್ದ ಮೀಸೆ ಇಳಿಯಲು ಹೊತ್ತು ಹಿಡಿಯಲಿಲ್ಲ. ಊಟವಾಯಿತು, ಬಿಸಿಲು ಇಳಿಯಿತು, ಅಕ್ಕೋರ ಬಸ್ಸಿನ ಹೊತ್ತಾಯಿತು. ಅಕ್ಕೋರು ಗುಡ್ಡ ಇಳಿಯಲು ಎಂಜಿನ್ ಎಬ್ಬಿಸಿಟ್ಟು, ಬಾಗಿಲ ಬಳಿ ನಿಂತು, ಮಾತಿನಂತೆ ಚಾವಿಯನ್ನು ಕರವಸ್ತ್ರದಲ್ಲಿ ಕಟ್ಟತೊಡಗಿದರು. ಲಾಲಬಿಯವರು ಮುಂದಿನ ಸೀಟಿನಲ್ಲಿ ಆಗಲೇ ಕುಳಿತಾಗಿತ್ತು.

"ಏನ್ರೀ," ಎಂದರು ಗಂಡನಿಗೆ, "ಚಾವಿ ಮುಗದಕ್ಕ ಹೋದ್ರ ನಾಳಿಗೆ ಗಾಡಿ ಹ್ಯಾಂಗ ಏಳತೈತಿ? ದಿನಾ ಅಕ್ಕೋರು ಬರಬೇಕೇನು? ನಾ ಅಂತೂ ಮತ್ತ ಇಳದು ದೂಡಾಕಿ ಅಲ್ಲ."

ಅಕ್ಕೋರ ಕೈ ಗಂಟಿನ ಮೇಲೆ ನಿಂತಿತು. ಅವರು ಲಾಲಬಿಯವರನ್ನು ನೋಡಿದರು. ಬಡೇಸಾಬರ ಕಡೆ ಒಂದು ಹೆಜ್ಜೆ ಬಂದರು.

"ಬಡೇಸಾಬರ, ನನಗೂ ತಿಳೀತೈತಿ. ಈ ಚಾವಿ ಇಲ್ಲೇ ಇದ್ರ ನಾಲ್ಕ ಮಂದಿ ತಿರಗ್ಯಾಡತಾರ, ಜಗಲಿ ಮ್ಯಾಲೆ ಇದ್ರ ನಾ ಒಬ್ಬಾಕಿ ಹೂ ಏರಸತೇನಿ. ಕೊಡಾಕ ನಾ ತಯಾರ ಅದೇನಿ. ಆದ್ರ ಒಂದ ಮಾತ ಖರೇ ಹೇಳ್ರಿ. ಅವತ್ತ ಎರಡೂ ಕೈಯಾಗ ಹಿಡದು, ಬಾಗಿ, 'ಇದ ನಿಮಗ ಇರ್ಲಿ' ಅಂದ್ರಿ. ಅದರಾಗ ನಿಮ್ಮ ಹಿರಿಯಾರದು ಏನರ ಕಟ್ಟಳಿ ಇದ್ರ, ಅದನ್ನ ನಾ ಮುರಿಯಂಗಿಲ್ಲ, ವಾಪಸ್ ಒಯ್ತೇನಿ. ಏನೂ ಇಲ್ಲಂದ್ರ ಈಗ ಇಲ್ಲೇ ಇಡತೇನಿ. ಯಾಕ ಹಂಗ ಕೊಟ್ರಿ?"

ಗಾಳಿ ನಿಂತಿತು ಎಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ. ತಮ್ಮ ಮನೆಮಂದಿಯೊಡನೆ ಬೆಟ್ಟಕ್ಕೆ ಬಂದು ಪೇಪರ್ ಪ್ಲೇಟು ಹಿಡಿದು ನಿಂತಿದ್ದ ಮಾಳಮಡ್ಡಿಯ ವಕೀಲರು, ಬೆಳ್ಳಿಯ ಡಬ್ಬಿಯವರು, ಗುರುತು ಹಿಡಿದು ಹತ್ತಿರ ಬಂದರು. ಬೀಗರು ಚಾಪೆಯಿಂದ ಎದ್ದರು. ಒಂದು ಭಾರಿ ಮಾತು ಬರಲಿದೆಯೆಂದು ಎಲ್ಲರ ಕಿವಿ ನೆಟ್ಟಗಾಯಿತು. ವಕೀಲರಂತೂ ಕೈ ಮುಗಿದೇ ನಿಂತರು.

ಬಡೇಸಾಬರು ವಕೀಲರ ಕೈ ನೋಡಿದರು. ಬೀಗರ ಮುಖ ನೋಡಿದರು. ಮುಂದಿನ ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು, ಇಳಿಯುವುದಿಲ್ಲವೆಂದು ಬಿಗಿಯಾಗಿ ಕುಳಿತ ಲಾಲಬಿಯವರನ್ನು ನೋಡಿದರು. ಕೆಳಗೆ ಹುಬ್ಬಳ್ಳಿ ಹರಡಿತ್ತು. ಅಲ್ಲಿ, ಆಚೆ ಧಾರವಾಡದಲ್ಲಿ, ಎಷ್ಟು ಮನೆಗಳಲ್ಲಿ ತಾವು ಕೊಟ್ಟ ಚಾವಿಗಳು ಬೆಳ್ಳಿಯ ಡಬ್ಬಿಯಲ್ಲಿ, ತಲೆದಿಂಬಿನ ಕೆಳಗೆ ಮಲಗಿವೆಯೋ. ಅವರು ಕೈಗಳನ್ನು ಅಂಗಿಗೆ ಒರೆಸಿಕೊಂಡರು.

"ಗುಜರಿಯಾಂವ ಚಾವಿ ತೂಕಕ್ಕ ಹಿಡಿಯಂಗಿಲ್ರಿ ಅಕ್ಕೋರ. ಮತ್ತ ನನ್ನ ಕೈಗೆ ಎಣ್ಣಿ ಹತ್ತಿರತೈತಲ್ರಿ, ಒಂದ ಕೈಯಿಂದ ಕೊಟ್ರ ಜಾರತೈತಿ."